ಫಿದೇಲಿಯಾ ಕೊಯ್ಯದೆ ಬಿಟ್ಟ ಪದರ

ಫಿದೇಲಿಯಾ ಕನಾವಿರಿಯ ಕೈಗೆ ಯಾವಾಗಲೂ ಫಾರ್ಮಲಿನ್ ವಾಸನೆ. ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಮೂಗು ಸಿಂಡರಿಸಿಕೊಂಡು ಬೇರೆ ಸೀಟಿಗೆ ಹೋದರೆ ಅವಳಿಗೆ ಖುಷಿ. “ಒಳ್ಳೇದೇ ಆಯ್ತಲ್ಲ ಬಿಡು, ಕಾಲು ಚಾಚ್ಕೊಂಡು ಕೂತ್ಕೋಬೋದು” ಅನ್ನುವಳು.

ಎತ್ತರದ ಬೆಟ್ಟನಾಡಿನ ಗಣಿ ಊರು ಓರೂರೋದ ನಮ್ಮ ಆಸ್ಪತ್ರೆಯ ಹಿಂಭಾಗದಲ್ಲಿ, ಹೆಣದ ಕೋಣೆಗೆ ಅಂಟಿಕೊಂಡಂತೆ ನಮ್ಮ ಪ್ರಯೋಗಾಲಯವಿತ್ತು. ಆಪರೇಷನ್ ಮಾಡಿ ತೆಗೆದ ಗಂಟು, ಗಡ್ಡೆ, ಮಾಂಸದ ಚೂರುಗಳೆಲ್ಲ ಬಾಟಲಿಯಲ್ಲಿ ತೇಲುತ್ತ ಅಲ್ಲಿಗೆ ಬರುತ್ತಿದ್ದವು. ಅವನ್ನು ಮೇಣದಲ್ಲಿ ಹುದುಗಿಸಿ ಅಚ್ಚು ಮಾಡಿ, ಕೂದಲೆಳೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಕೊಡುವುದು ಫಿದೇಲಿಯಾಳ ಕೆಲಸ. ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ಇಂಥ ರೋಗ ಎಂದು ಹೇಳುವುದು ಡಾಕ್ಟರ್ ಉರ್ಕೀದಿಯವರ ಕೆಲಸ. ಅವರು ಹೇಳಿದ್ದನ್ನು ಟೈಪ್ ಮಾಡುವುದು ನನ್ನದು. ನನ್ನ ಹೆಸರು ನಿಲ್ದಾ. ಫಿದೇಲಿಯಾ ನನಗಿಂತ ಮೂರು ವರ್ಷ ದೊಡ್ಡವಳು. ಇಪ್ಪತ್ತಾರು ವರ್ಷ ಒಂದೇ ಗೋಡೆಯ ಆಚೆ ಈಚೆ ಕೂತು ಕೆಲಸ ಮಾಡಿದೆವು. ಅವಳ ಕೊಯ್ಯುವ ಯಂತ್ರದ ಚಕ್ರ ತಿರುಗುವ ಸದ್ದು ಕೇಳಿದರೆ ಇವತ್ತು ಅವಳ ಮನಸ್ಸು ಹೇಗಿದೆ ಎಂದು ಹೇಳಬಲ್ಲವಳಾಗಿದ್ದೆ.

ಅವಳಪ್ಪ ತವರದ ಗಣಿಯಲ್ಲಿ ದುಡಿದು, ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡು ನಲವತ್ತೊಂದಕ್ಕೇ ಸತ್ತ. ಹತ್ತೊಂಬತ್ತರ ವಯಸ್ಸಿಗೆ ನೆಲ ಒರೆಸುವ ಕೆಲಸಕ್ಕೆಂದು ಅವಳು ಆಸ್ಪತ್ರೆಗೆ ಸೇರಿದಳು. ಉರ್ಕೀದಿಯವರಿಗಿಂತ ಮುಂಚೆ ಇದ್ದ ಹಳೆಯ ಡಾಕ್ಟರು, ಈ ಹುಡುಗಿ ಗಾಜಿನ ಪಟ್ಟಿಗಳನ್ನು ಒಂದು ಗೀರೂ ಬೀಳದಂತೆ ತೊಳೆಯುವುದನ್ನು ನೋಡಿ, ಒಂದು ದಿನ ಕರೆದು ಯಂತ್ರದ ಮುಂದೆ ಕೂರಿಸಿದರಂತೆ. ನಮ್ಮೂರಿನ ಚಳಿಗೆ ಮೇಣ ಕಲ್ಲಾಗುತ್ತದೆ, ಬ್ಲೇಡು ತಾಗಿದರೆ ಬಿರಿಯುತ್ತದೆ. ಫಿದೇಲಿಯಾ ಅಚ್ಚಿನ ಮೇಲೆ ಬಾಯಿಂದ ಮೆಲ್ಲಗೆ ಉಸಿರು ಬಿಟ್ಟು ಹದ ಮಾಡಿ, ಚಕ್ರ ತಿರುಗಿಸುವಳು. ಪದರಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನಂತೆ ಇಳಿದು ಬರುವುವು. ಅದನ್ನು ಬಿಸಿನೀರಿನ ಮೇಲೆ ತೇಲಿಬಿಟ್ಟರೆ ಹಾಲಿನ ಕೆನೆಯ ಹಾಗೆ ಹರಡಿಕೊಳ್ಳುತ್ತಿತ್ತು. ಒಂದು ಸುಕ್ಕಿಲ್ಲ, ಒಂದು ಗುಳ್ಳೆಯಿಲ್ಲ. ದೊಡ್ಡಾಸ್ಪತ್ರೆಗಳಿರುವ ಲಾ ಪಾಸ್‌ನಿಂದ ಬಂದ ಡಾಕ್ಟರುಗಳೂ ಅವಳ ಸ್ಲೈಡುಗಳನ್ನು ಬೆಳಕಿಗೆ ಹಿಡಿದು ಮೆಚ್ಚುತ್ತಿದ್ದರು.

ಕೊಯ್ಯುವುದು ಮಾತ್ರವಲ್ಲ, ಅವಳು ನೋಡುತ್ತಲೂ ಇದ್ದಳು. ಡಾಕ್ಟರು ಊಟಕ್ಕೆ ಹೋದಾಗ ಅವರ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ತಾನು ಆ ದಿನ ಮಾಡಿದ ಒಂದೊಂದು ಸ್ಲೈಡನ್ನೂ ನೋಡಿ ಮುಗಿಸುವಳು.

“ಸಿಕ್ಕಿಹಾಕ್ಕೊಂಡ್ರೆ ಬೈತಾರೆ ಕಣೇ” ಎಂದರೆ, “ಅಡುಗೆ ಮಾಡಿದೋಳು ರುಚಿ ನೋಡ್ಬಾರ್ದಾ?” ಎಂದು ನನ್ನನ್ನೇ ಕೇಳುವಳು.

ಪುಸ್ತಕದ ಹೆಸರುಗಳು ಅವಳಿಗೆ ಬರುತ್ತಿರಲಿಲ್ಲ. ಕೊಬ್ಬು ಅವಳಿಗೆ ‘ಖಾಲಿ ಮನೆಗಳು’, ನರ ಅಂದರೆ ‘ಜಡೆ’. ಹದಿನೈದು ವರ್ಷ ಹಾಗೆ ನೋಡಿ ನೋಡಿ, ಯಾವುದು ತನ್ನ ಜಾಗದಲ್ಲಿದೆ, ಯಾವುದು ಬೇರೆಯವರ ಮನೆಗೆ ನುಗ್ಗಿದೆ ಎಂಬುದು ಅವಳ ಕಣ್ಣಿಗೆ ತಿಳಿಯತೊಡಗಿತ್ತು.

ಒಂದು ಸಲ ಅವಳು ಬಾಯಿಬಿಟ್ಟು ಹೇಳಿಯೂ ಬಿಟ್ಟಳು. ಎಂಬತ್ತೊಂಬತ್ತನೇ ಇಸವಿ ಇರಬೇಕು. ಒಬ್ಬ ಶಾಲಾ ಮೇಡಂನ ಗಂಟಲ ಗಂಟು. ಡಾಕ್ಟರು ಏನೂ ಇಲ್ಲ ಅಂದರು. ಫಿದೇಲಿಯಾ, “ಡಾಕ್ಟ್ರೇ, ಈ ಮೂಲೆ ನನಗೆ ಸರಿ ಕಾಣ್ತಿಲ್ಲ” ಎಂದು ಬೆರಳಿಟ್ಟು ತೋರಿಸಿದಳು. ಅವಳ ಮಾತಿಗೆ ಬೆಲೆ ಕೊಟ್ಟೇ ಅವರು ಅದನ್ನು ಲಾ ಪಾಸ್‌ಗೆ ಕಳಿಸಿದರು. ಉತ್ತರ ಬರಲು ಹದಿನೈದು ದಿನ ಹಿಡಿಯಿತು. ಅಷ್ಟೂ ದಿನ ಆ ಮೇಡಂ, ಅವಳ ತಾಯಿ, ಇಬ್ಬರು ತಂಗಿಯರು ನಮ್ಮ ಕಾರಿಡಾರಿನಲ್ಲಿ ಕೂತು ಅತ್ತರು. ಕೊನೆಗೆ ಬಂದದ್ದು: ಏನೂ ಇಲ್ಲ. ಉರ್ಕೀದಿ ಕೂಗಾಡಲಿಲ್ಲ. ನರ್ಸುಗಳೆಲ್ಲ ಇದ್ದಾಗ, ಹೆಸರಿಗೆ ಮರ್ಯಾದೆಯ ‘ದೋನ್ಯಾ’ ಹಚ್ಚಿ, ನಗುತ್ತಲೇ ಅಂದರು: “ದೋನ್ಯಾ ಫಿದೇಲಿಯಾ, ಕೊಯ್ಯೋದು ನಿಮ್ಮ ಕೆಲಸ, ಓದೋದು ನನ್ನ ಕೆಲಸ. ಇನ್ಮೇಲೆ ಹಾಗೇ ಇರಲಿ.” ಎಲ್ಲರೂ ನಕ್ಕರು, ನಾನೂ ನಕ್ಕೆ. ಫಿದೇಲಿಯಾಗೆ ಆ ನಗುವಿಗಿಂತ ಆ ತಾಯಿಯ ಅಳು ನಾಟಿತ್ತು. ಅಲ್ಲಿಂದ ಮುಂದೆ ನೋಡುವುದನ್ನು ಬಿಡಲಿಲ್ಲ, ಹೇಳುವುದನ್ನು ಬಿಟ್ಟಳು.

ಇನ್ನು ಫೌಸ್ತೀನೊ ವಿಲ್ಕಾನ ವಿಷಯ. ಗಣಿಗಾರರ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನು. ಗುಂಡಗಿನ ಆಳು, ನಗುವಾಗ ಕಣ್ಣೇ ಕಾಣಿಸದು. ಅವನ ಮಗಳ ಜ್ಞಾನಸ್ನಾನದ ದಿನ ಚರ್ಚಿನಲ್ಲಿ ಧರ್ಮತಾಯಿಯಾಗಿ ಮಗುವನ್ನು ಎತ್ತಿಕೊಂಡವಳು ಫಿದೇಲಿಯಾ. ಹಾಗಾಗಿ ಅವನಿಗೂ ಅವನ ಹೆಂಡತಿ ಹೂಸ್ತಾಗೂ ಅವಳು ‘ಕೊಮಾದ್ರೆ’, ಅವಳಿಗೆ ಅವನು ‘ಕೊಂಪಾದ್ರೆ’. ನಮ್ಮಲ್ಲಿ ಈ ನಂಟು ಒಡಹುಟ್ಟಿದವರದ್ದಕ್ಕಿಂತ ಒಂದು ತೂಕ ಹೆಚ್ಚು. ಮದುವೆಯಾಗದ ಫಿದೇಲಿಯಾಗೆ ಭಾನುವಾರ ಅಂದರೆ ಅವರ ಮನೆ. ಒಲೆಯಲ್ಲಿ ಸುಟ್ಟ ಕುರಿತಲೆ, ಹಿಮಕ್ಕಿಟ್ಟು ಒಣಗಿಸಿದ ಚೂನ್ಯೊ ಆಲೂಗಡ್ಡೆ, ಊಟವಾದ ಮೇಲೆ ಕೋಕಾ ಎಲೆ ಕೆನ್ನೆಗೆ ಒತ್ತಿಕೊಂಡು ಸಂಜೆಯವರೆಗೆ ಹರಟೆ. ಎಷ್ಟೋ ಭಾನುವಾರ ನಾನೂ ಜೊತೆಗೆ ಹೋದದ್ದುಂಟು.

ಫೌಸ್ತೀನೊನ ಬಲಗಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಒಂದು ಗಂಟು ಎದ್ದಿತ್ತು. ಯಾವಾಗ ಎದ್ದಿತೋ ಅವನಿಗೂ ನೆನಪಿಲ್ಲ. ಬೇರೆ ಊರಿನಲ್ಲಾಗಿದ್ದರೆ ಯಾರಾದರೂ ಹೌಹಾರುತ್ತಿದ್ದರೇನೋ. ನಮ್ಮೂರಿನಲ್ಲಿ ಅರ್ಧ ಗಂಡಸರ ಕೆನ್ನೆ ಕೋಕಾ ಎಲೆಯ ಉಂಡೆಯಿಂದ ಉಬ್ಬಿರುತ್ತದೆ, ಉಳಿದರ್ಧ ಜನ ಬ್ಯಾಂಡಿನಲ್ಲಿ ಊದುವವರು.

“ಲೋ ಫೌಸ್ತೀನೊ, ಎಲೆ ನುಂಗ್ಬಿಟ್ಟು ಕಿವಿ ಹತ್ರ ಸಿಕ್ಕಿಹಾಕ್ಕೊಂಡಿದ್ಯೇನೋ?” ಎಂದು ಬ್ಯಾಂಡಿನವರು ಛೇಡಿಸುವರು.

“ಎಲೆ ಅಲ್ವೋ, ರಾಗ. ಹೊರಗೆ ಬರದೆ ಉಳಿದಿದ್ದೆಲ್ಲ ಅಲ್ಲಿ ಕೂತಿದೆ” ಎಂದು ಇವನು.

ಜೋರಾಗಿ ಊದುವವರಿಗೆ ಬಾಯಿಯ ಗಾಳಿ ಜೊಲ್ಲು ಗ್ರಂಥಿಯೊಳಗೆ ಹಿಮ್ಮುಖವಾಗಿ ನುಗ್ಗಿ ಕಿವಿಯ ಕೆಳಗೆ ಬಾವು ಬರುವುದುಂಟು. ಎರಡು ದಿನಕ್ಕೆ ಇಳಿಯುತ್ತದೆ. ಬ್ಯಾಂಡಿನ ಹಳಬರಿಗೆಲ್ಲ ಅದು ಗೊತ್ತು. ಹಾಗಾಗಿ ಇದೂ ಗಾಳಿಯೇ ಎಂದು ಮೂರು ವರ್ಷ ಕಳೆಯಿತು. ಇದು ಇಳಿಯಲೂ ಇಲ್ಲ, ಬೇಗ ಬೆಳೆಯಲೂ ಇಲ್ಲ.

ತೊಂಬತ್ತೆರಡರ ಕೊನೆಯ ಒಂದು ಭಾನುವಾರ ಊಟದ ನಡುವೆ ಫೌಸ್ತೀನೊ ಕೆನ್ನೆ ಕೆರೆದುಕೊಂಡು, “ಇತ್ತೀಚೆಗೆ ಇಲ್ಲಿ ಇರುವೆ ಹರಿದ ಹಾಗಾಗುತ್ತೆ ಕೊಮಾದ್ರೆ” ಎಂದ. ಫಿದೇಲಿಯಾ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದಳು.

“ಎಷ್ಟು ದಿನದಿಂದ?”

“ಅಯ್ಯೋ, ಯಾರು ಲೆಕ್ಕ ಇಟ್ಟಿದ್ದಾರೆ?”

“ನಾಳೆ ಆಸ್ಪತ್ರೆಗೆ ಬನ್ನಿ. ಬರ್ದಿದ್ರೆ ನಾನೇ ಬಂದು ಎಳ್ಕೊಂಡ್ಹೋಗ್ತೀನಿ.”

“ಕಾರ್ನಿವಾಲ್ ಮುಗೀಲಿ ಕೊಮಾದ್ರೆ...”

“ಹಬ್ಬ ನಿಮಗೆ ಕಾಯಲ್ಲ, ನೀವೂ ಹಬ್ಬಕ್ಕೆ ಕಾಯ್ಬೇಡಿ” ಎಂದು ಹೂಸ್ತಾಳೂ ಸೇರಿಕೊಂಡಳು.

ಅಂತೂ ನಾಳೆ ನಾಡಿದ್ದು ಎಂದು ತಳ್ಳಿ ತಳ್ಳಿ, ತೊಂಬತ್ತಮೂರರ ಕಾರ್ನಿವಾಲ್ ಹಬ್ಬಕ್ಕೆ ಇನ್ನು ಎಂಟು ದಿನವಿದೆ ಎನ್ನುವಾಗ ಆಪರೇಷನ್ ಆಯಿತು. ಸರ್ಜನ್ನರು ಗಂಟನ್ನು ಸುಲಿದು ತೆಗೆದರು. ಅಕ್ರೋಟಿನಷ್ಟು ದೊಡ್ಡದು, ಬೂದು ಬಿಳುಪು, ಗಟ್ಟಿ. ಉರ್ಕೀದಿ ಅದರಿಂದ ಎರಡು ಚೂರು ಆರಿಸಿಕೊಟ್ಟರು. ಫಿದೇಲಿಯಾ ಅವನ್ನು ಮೇಣದಲ್ಲಿ ಕೂರಿಸಿ, ಕೊಯ್ದು, ಬಣ್ಣ ಹಾಕಿ, ಶುಕ್ರವಾರ ಬೆಳಿಗ್ಗೆ ತಟ್ಟೆಯಲ್ಲಿಟ್ಟುಕೊಟ್ಟಳು.

ಕಾರ್ನಿವಾಲಿನ ಹಿಂದಿನ ಶುಕ್ರವಾರ ನಮ್ಮ ಆಸ್ಪತ್ರೆಯಲ್ಲಿ ಸಾಯುವವರೂ ತಡೆದುಕೊಳ್ಳುತ್ತಾರೆ ಎಂದು ಒಂದು ಹಾಸ್ಯವಿದೆ. ಅರ್ಧ ಜನ ಕುಣಿಯುವವರು, ಇನ್ನರ್ಧ ಜನ ನೋಡುವವರು, ಕೆಲಸಕ್ಕೆ ಯಾರ ಮನಸ್ಸೂ ಇರುವುದಿಲ್ಲ. ಉರ್ಕೀದಿಯವರ ಅಣ್ಣನ ಮನೆಯವರೆಲ್ಲ ಕೋಚಬಾಂಬಾದಿಂದ ಬಂದಿಳಿದಿದ್ದರು. ಅವರು ಹನ್ನೊಂದು ಸ್ಲೈಡುಗಳನ್ನು ಒಂದೂವರೆ ಗಂಟೆಯಲ್ಲಿ ನೋಡಿ ಮುಗಿಸಿ, ನನ್ನ ಮೇಜಿನ ಪಕ್ಕ ನಿಂತೇ ಹೇಳುತ್ತಾ ಹೋದರು. ಫೌಸ್ತೀನೊನ ಸರದಿ ಬಂತು. ಅವರು ಹೇಳಿದರು: ಜೊಲ್ಲು ಗ್ರಂಥಿಯ ಮಿಶ್ರ ಗಡ್ಡೆ. ಅಪಾಯವಿಲ್ಲದ್ದು. ನನ್ನ ಬೆರಳು ಆ ಪದಗಳನ್ನು ಎಷ್ಟು ಸಂತೋಷದಿಂದ ಒತ್ತಿದವು ಎಂದರೆ, ಅಂಥ ಸಂತೋಷವನ್ನು ನಾನು ಆ ಟೈಪ್ ಯಂತ್ರದ ಮುಂದೆ ಮತ್ತೆ ಕಂಡಿಲ್ಲ. ಅವರು ಸಹಿ ಹಾಕಿ, ಕೋಟು ತೊಟ್ಟುಕೊಳ್ಳಲು ಒಳಗೆ ಹೋದರು.

ಆಗ ಫಿದೇಲಿಯಾ ಸ್ಲೈಡಿನ ತಟ್ಟೆ ಹಿಡಿದು ಬಾಗಿಲಲ್ಲಿ ಬಂದು ನಿಂತಳು.

“ನಮ್ಮ ಕೊಂಪಾದ್ರೆದು ಟೈಪ್ ಆಯ್ತಾ?”

“ಆಯ್ತು! ಏನೂ ಇಲ್ಲ ಕಣೇ, ಬರೀ ಮಿಶ್ರ ಗಡ್ಡೆಯಂತೆ. ಸಹೀನೂ ಆಯ್ತು, ನೋಡು.”

ಅವಳ ಮುಖ ಅರಳಬೇಕಾಗಿತ್ತು. ಕಾಗದವನ್ನು ನೋಡಿದಳು, ಓದಿದಳು, ಮತ್ತೆ ಓದಿದಳು.

“ಎರಡನೇ ಸ್ಲೈಡಿನ ಅಂಚಲ್ಲಿ ಒಂದು ಜಡೆ ಇದೆ ಕಣೇ ನಿಲ್ದಾ. ಅರ್ಧ ಕೊಯ್ದು ಹೋಗಿದೆ. ಅದರ ಸುತ್ತ ಕಣಗಳು ಉಂಗುರ ಕಟ್ಟಿದ ಹಾಗೆ ಕಂಡ್ತು. ಅಚ್ಚು ಇನ್ನೂ ಇದೆ. ಒಂದಿಷ್ಟು ಆಳಕ್ಕೆ ಕೊಯ್ದು ನೋಡ್ಲಾ ಅಂತ...”

ಒಳಗಿನಿಂದ ಡಾಕ್ಟರು ಬೀರು ಮುಚ್ಚಿದ ಸದ್ದು ಕೇಳಿತು. ನನ್ನ ಚೀಲ ಆಗಲೇ ಹೆಗಲಿಗೇರಿತ್ತು, ಮನೆಯಲ್ಲಿ ತಂಗಿಯ ಕುಣಿತದ ಲಂಗಕ್ಕೆ ಮಣಿ ಹೊಲಿಯುವುದು ಬಾಕಿಯಿತ್ತು.

“ಮತ್ತೆ ಶುರು ಮಾಡ್ಬೇಡ” ಎಂದೆ. “ಆ ಮೇಡಂ ಕಥೆ ಮರ್ತೋಯ್ತಾ? ಹೂಸ್ತಾನ ಹದಿನೈದು ದಿನ ಅಳಿಸ್ತೀಯಾ? ಡಾಕ್ಟ್ರೇ ಇಲ್ಲ ಅಂದ್ಮೇಲೆ ನಿಂದೇನು? ಸುಮ್ನಿರೇ.”

ಡಾಕ್ಟರು ಕೈಗವಸು ಹಾಕಿಕೊಳ್ಳುತ್ತ ಹೊರಗೆ ಬಂದು ಇಬ್ಬರಿಗೂ ಹಬ್ಬದ ಶುಭಾಶಯ ಹೇಳಿ ಹೋದರು. ಅವಳ ಬಾಯಿ ಒಂದು ಸಲ ತೆರೆದು ಮುಚ್ಚಿಕೊಂಡಿತು. ಆಮೇಲೆ ತಟ್ಟೆಯನ್ನು ಒಳಗಿಟ್ಟು, ಅಚ್ಚುಗಳಿಗೆ ನಂಬರು ಅಂಟಿಸಿ, ಬೀರುವಿನಲ್ಲಿ ಸಾಲಾಗಿ ಜೋಡಿಸಿದಳು.

ಹೊಲಿಗೆ ಬಿಚ್ಚಿದ ಮೇಲೆ ಫೌಸ್ತೀನೊ ಮತ್ತೆ ಊದತೊಡಗಿದ. ಎರಡು ವರ್ಷ ಚೆನ್ನಾಗಿತ್ತು. ಅವು ಅವನ ಒಳ್ಳೆಯ ವರ್ಷಗಳೆಂದೇ ಎಲ್ಲರೂ ಹೇಳುತ್ತಾರೆ. ಬ್ಯಾಂಡು ಚಿಲಿಯ ಗಡಿ ದಾಟಿ ಇಕೀಕೆಗೂ ಹೋಗಿ ಊದಿ ಬಂತು. ಫಿದೇಲಿಯಾ ಮಾತ್ರ ಭಾನುವಾರಗಳಲ್ಲಿ ಅವನು ಮಾತಾಡುವಾಗ ಅವನ ಬಾಯನ್ನೇ ನೋಡುತ್ತ ಕೂರುವಳು. ಒಂದೆರಡು ಸಲ, “ಏನು ಕೊಮಾದ್ರೆ, ನನ್ನ ಮೀಸೆಗೆ ಸಾರು ಅಂಟಿದ್ಯಾ?” ಎಂದು ಅವನು ಕೇಳಿದ್ದೂ ಉಂಟು.

ತೊಂಬತ್ತೈದರ ಜೂನ್. ಯಾರದೋ ಮನೆ ಕಟ್ಟಿ ಮುಗಿಸಿದ ಸಂತೋಷಕೂಟದಲ್ಲಿ ಬ್ಯಾಂಡು ಊದುತ್ತಿತ್ತು. ಒಂದು ಮೇಲಿನ ಸ್ವರ ಹಿಡಿಯುವಾಗ ಫೌಸ್ತೀನೊನ ತುಟಿಯ ಬಲಗಡೆಯಿಂದ ಗಾಳಿ ಪುಸ್ಸೆಂದು ಸೋರಿತು. ಅವನು ನಕ್ಕು, ತುಟಿ ಒರೆಸಿಕೊಂಡು, ಮತ್ತೆ ಊದಿದ. ಮತ್ತೆ ಸೋರಿತು. ಜನರೆಲ್ಲ ಮೆಕ್ಕೆಜೋಳದ ಹೆಂಡ ಚಿಚ್ಚಾ ಕುಡಿದವರು, ಯಾರೂ ಗಮನಿಸಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಫಿದೇಲಿಯಾ ನನ್ನ ಮೊಣಕೈಯನ್ನು ನೋವಾಗುವಷ್ಟು ಹಿಡಿದುಕೊಂಡಳು. ಹಾಡು ಮುಗಿದ ಕೂಡಲೇ ಎದ್ದು ಅವನ ಹತ್ತಿರ ಹೋದಳು.

“ಕೊಂಪಾದ್ರೆ, ಒಂದ್ಸಲ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ.”

“ಯಾಕೆ, ಉಡುಗೊರೆ ಏನಾದ್ರೂ ತಂದಿದ್ದೀರಾ?”

“ಮುಚ್ಚಿ ಅಂದ್ರೆ ಮುಚ್ಚಿ.”

ಎಡಗಣ್ಣು ಮುಚ್ಚಿತು. ಬಲಗಣ್ಣಿನ ರೆಪ್ಪೆಯ ನಡುವೆ ಒಂದು ಬಿಳಿ ಗೆರೆ ಉಳಿಯಿತು.

“ಗಾಳಿ ಸೋಕಿದೆ ಅಷ್ಟೆ” ಎಂದಳು ಹೂಸ್ತಾ. “ಮೊನ್ನೆ ಬೆವೆತ ಮೈಯಲ್ಲಿ ಬಾಗಿಲ ಹತ್ರ ಮಲಗಿದ್ರು. ನನ್ನ ಚಿಕ್ಕಮ್ಮ ಬಿಸಿ ಬೂದಿ ಕಟ್ಟಿ ವಾಸಿ ಮಾಡ್ತಾಳೆ.” ನಮ್ಮಲ್ಲಿ ಮುಖ ಒಂದು ಕಡೆಗೆ ಜೋತುಬಿದ್ದರೆ ಎಲ್ಲರೂ ಹೇಳುವುದು ಅದನ್ನೇ. ಎಷ್ಟೋ ಸಲ ಅದು ತಾನಾಗಿ ವಾಸಿಯಾಗುವುದೂ ಹೌದು.

ಫಿದೇಲಿಯಾ ವಾದಿಸಲಿಲ್ಲ. ಸೋಮವಾರ ನಾನು ಕೆಲಸಕ್ಕೆ ಬರುವ ಹೊತ್ತಿಗೆ ಅವಳ ಯಂತ್ರದ ಚಕ್ರ ಆಗಲೇ ತಿರುಗುತ್ತಿತ್ತು. ತೊಂಬತ್ತಮೂರರ ಆ ಅಚ್ಚನ್ನು ಬೀರುವಿನಿಂದ ತೆಗೆದು ಕೂರಿಸಿದ್ದಳು. ಅಚ್ಚಿನ ಮೇಲೆ ಉಸಿರು ಬಿಡುತ್ತಿದ್ದಳು, ತಿರುಗಿಸುತ್ತಿದ್ದಳು, ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಸ್ಲೈಡು ಒಣಗಿತು. ಅವಳು ನೋಡಿ ಎದ್ದು, “ನೀನೂ ನೋಡು” ಎಂದಳು.

ಅಷ್ಟು ವರ್ಷ ಅಲ್ಲಿದ್ದರೂ ನಾನು ಆ ಕೊಳವೆಯೊಳಗೆ ನೋಡಿದ್ದು ಕಡಿಮೆ. ನೀಲಿ ಚುಕ್ಕೆಗಳ ಗುಂಪುಗಳಿದ್ದವು, ಒಂದೊಂದು ಗುಂಪಿನಲ್ಲೂ ಜರಡಿಯಂತೆ ದುಂಡನೆಯ ತೂತುಗಳು. ನೋಡಲು ಲೇಸು ಹೆಣೆದಂತೆ ಅಂದವಾಗಿತ್ತು. ಅಂಥದ್ದು ಕೆಟ್ಟದ್ದಾಗಿರಬಹುದು ಎಂದು ಹೇಗೆ ನಂಬುವುದು? ಅವಳು ಸ್ಲೈಡನ್ನು ಸ್ವಲ್ಪ ಸರಿಸಿದಳು. ಅಲ್ಲಿ ನರವಿತ್ತು, ಅಲೆ ಅಲೆಯಾಗಿ, ನಿಜವಾಗಿಯೂ ಜಡೆಯಂತೆ. ಅದರ ಸುತ್ತ ನೀಲಿ ಚುಕ್ಕೆಗಳು ಒಂದು ಸುತ್ತು, ಎರಡು ಸುತ್ತು ಬಿಗಿಯಾಗಿ ಅಪ್ಪಿಕೊಂಡಿದ್ದವು. ಒಂದೆರಡು ನರದ ಒಳಗೇ ಇದ್ದವು. ಪಕ್ಕದಲ್ಲಿ ಇನ್ನೊಂದು ನರ, ಅದಕ್ಕೂ ಹಾಗೆಯೇ.

“ಒಳ್ಳೇ ಗಡ್ಡೆ ನರದ ತಂಟೆಗೆ ಹೋಗಲ್ಲ” ಎಂದಳು ಫಿದೇಲಿಯಾ. “ಇದು ನರ ಹಿಡ್ಕೊಂಡು ನಡ್ಕೊಂಡು ಹೋಗೋ ಜಾತಿ. ಅವತ್ತೇ ಹತ್ತು ಪದರ ಕೆಳಗೆ ಹೋಗಿದ್ರೆ ಕಾಣ್ತಿತ್ತು. ಹತ್ತೇ ಹತ್ತು.”

ಸ್ಲೈಡು ತೆಗೆದುಕೊಂಡು ಉರ್ಕೀದಿಯವರ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಅವರು ಬಹಳ ಹೊತ್ತು ನೋಡಿದರು. ಹಳೆಯ ಎರಡು ಸ್ಲೈಡುಗಳನ್ನೂ ತರಿಸಿ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆಂದು ಕಾದಿದ್ದೆ. ಅವರ ದನಿ ಮೆತ್ತಗಿತ್ತು.

“ನಾನು ಎರಡೇ ಚೂರು ತಗೊಂಡೆ. ಪೂರ್ತಿ ಗಡ್ಡೆ ಕೊಯ್ಯಿಸಬೇಕಿತ್ತು” ಎಂದರು. ಆಮೇಲೆ, “ಈ ಅಂಚು ನೀವು ಯಾವಾಗ ನೋಡಿದ್ರಿ?” ಎಂದು ಕೇಳಿದರು.

“ಅವತ್ತೇ ಡಾಕ್ಟ್ರೇ.”

“ಅವತ್ತೇ?”

“ಶುಕ್ರವಾರ. ನೀವು ಕೋಟು ಹಾಕ್ಕೊಳ್ತಿದ್ರಿ.”

“ಮತ್ತೆ ಯಾಕೆ ಹೇಳ್ಲಿಲ್ಲ ದೋನ್ಯಾ ಫಿದೇಲಿಯಾ?”

ಅವಳು ಹಳೆಯ ಸ್ಲೈಡುಗಳನ್ನು ತಟ್ಟೆಗೆ ಜೋಡಿಸತೊಡಗಿದಳು. ಅವರಿಗೇ ಉತ್ತರ ಹೊಳೆದಿರಬೇಕು, ಮುಖ ಕಿಟಕಿಯ ಕಡೆಗೆ ತಿರುಗಿಸಿಕೊಂಡರು. ಆ ಸಂಜೆಯೇ ತಮ್ಮ ಮೊದಲ ರಿಪೋರ್ಟು ತಪ್ಪೆಂದು ಒಪ್ಪಿಕೊಂಡು ಒಂದು ಕಾಗದ ಹೇಳಿ ಟೈಪ್ ಮಾಡಿಸಿದರು. ಅದನ್ನೂ ಒತ್ತಿದ್ದು ಇದೇ ಬೆರಳುಗಳು.

ಲಾ ಪಾಸ್‌ನ ಡಾಕ್ಟರ್ ಬೆಹಾರಾನೊ ಎಂಬ ಹೆಂಗಸು ಅಚ್ಚನ್ನೂ ಸ್ಲೈಡುಗಳನ್ನೂ ನೋಡಿ ಖಚಿತ ಮಾಡಿದರು. ಜೊಲ್ಲು ಗ್ರಂಥಿಯ ಕ್ಯಾನ್ಸರ್. ನಿಧಾನವಾಗಿ ಬೆಳೆಯುವ ಜಾತಿ, ಆದರೆ ಬೇಗ ಬಿಟ್ಟುಹೋಗುವುದಲ್ಲ. ಸ್ಕ್ಯಾನ್ ಚಿತ್ರ ತೆಗೆಸಿದಾಗ ಮುಖದ ನರದ ಜೊತೆಗೆ ಅದು ಕಿವಿಯ ಹಿಂದಿನ ಮೂಳೆಯ ತನಕ ಏರಿದ್ದು ಕಂಡಿತು. ಗ್ರಂಥಿಯ ಜೊತೆ ಆ ನರವನ್ನೂ ತೆಗೆಯಲೇಬೇಕು, ಆಮೇಲೆ ಕಿರಣ ಕೊಡಬೇಕು ಎಂದರು. ನರ ಹೋದರೆ ಮುಖದ ಅರ್ಧಭಾಗ ಹೋದಂತೆ. ಟ್ರಂಪೆಟ್ಟಿನ ಮಾತು ಯಾರೂ ಎತ್ತಲಿಲ್ಲ.

ಆಪರೇಷನ್ನಿಗೆ ಹೋಗುವ ಹಿಂದಿನ ಭಾನುವಾರ ಫಿದೇಲಿಯಾ ಅವರ ಮನೆಗೆ ಹೊರಟಳು. “ನೀನೂ ಬಾ, ಒಬ್ಳೇ ಹೋಗಕ್ಕಾಗಲ್ಲ” ಎಂದು ನನ್ನನ್ನೂ ಕರೆದಳು. ಊಟಕ್ಕೆ ಕೂರಲಿಲ್ಲ. ನಿಂತುಕೊಂಡೇ ಹೇಳಿದಳು.

“ಆ ಶುಕ್ರವಾರವೇ ನನಗೆ ಅನುಮಾನ ಬಂದಿತ್ತು. ಇನ್ನೊಂದಿಷ್ಟು ಕೊಯ್ದು ನೋಡೋದು ನನ್ನ ಕೈಯಲ್ಲೇ ಇತ್ತು. ಕೊಯ್ಲಿಲ್ಲ. ಯಾರಿಗೂ ಹೇಳ್ಲೂ ಇಲ್ಲ.”

ಯಾರಿಗೂ ಹೇಳಲಿಲ್ಲ ಎಂದಳು. ನಾನು ಅವಳ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಿದ್ದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಬಾಯಿಬಿಡಲು ಅದಕ್ಕಿಂತ ಸರಿಯಾದ ಹೊತ್ತು ಇರಲಿಲ್ಲ. ನಾನು ನನ್ನ ಶಾಲಿನ ಅಂಚನ್ನು ಸುತ್ತುತ್ತ ಕೂತೆ.

“ಯಾಕೆ?” ಎಂದಳು ಹೂಸ್ತಾ.

“ಡಾಕ್ಟ್ರ ಹೆದರಿಕೆ ಅಂತ ಇಷ್ಟು ದಿನ ಅನ್ಕೊಂಡಿದ್ದೆ. ಅದಲ್ಲ. ಏನೂ ಇಲ್ಲ ಅನ್ನೋ ಉತ್ತರ ನನಗೆ ಬೇಕಾಗಿತ್ತು. ಬೇರೆ ಯಾರದ್ದೋ ಆಗಿದ್ರೆ ಕೊಯ್ತಿದ್ದೆನೇನೋ. ನಿಮ್ಮದಾದ್ದರಿಂದ ಆ ಕಾಗದ ನಂಬ್ಕೊಂಡು ಬೀರು ಮುಚ್ಚಿಬಿಟ್ಟೆ.”

ಫೌಸ್ತೀನೊ ಒಂದು ಕಣ್ಣಿನಿಂದ ನೀರು ಒರೆಸಿಕೊಂಡ. ಅಳು ಅಲ್ಲ, ಮುಚ್ಚದ ಆ ಕಣ್ಣು ಸದಾ ಸೋರುತ್ತಿತ್ತು. “ಅವತ್ತು ಗೊತ್ತಾಗಿದ್ರೆ ನರ ಉಳೀತಿತ್ತಾ?” ಎಂದು ಕೇಳಿದ.

“ಉಳೀಬಹುದಿತ್ತು. ಅವತ್ತೇ ತೆಗೀಬೇಕಾಗ್ತಿತ್ತೋ ಏನೋ. ಡಾಕ್ಟರ್ ಬೆಹಾರಾನೊ ಹೇಳಕ್ಕಾಗಲ್ಲ ಅಂತಾರೆ.”

“ತೆಗೆದಿದ್ರೆ ಇಕೀಕೆಗೆ ಹೋಗ್ತಿರ್ಲಿಲ್ಲ ನಾನು.” ಜೋತ ತುಟಿಯಲ್ಲೇ ನಕ್ಕ. “ಅಲ್ಲಿ ಸಮುದ್ರದ ಹತ್ರ ಊದಿದ್ದು ಚೆನ್ನಾಗಿತ್ತು ಕೊಮಾದ್ರೆ. ಕೆಳಗೆ ಗಾಳಿ ದಪ್ಪ, ಉಸಿರು ಮುಗಿಯೋದೇ ಇಲ್ಲ.”

ಹೂಸ್ತಾ ನಗಲಿಲ್ಲ. “ಎರಡು ವರ್ಷ ನಮ್ಮನೇಲಿ ಕೂತು ಉಂಡ್ರಿ” ಎಂದಳು. “ಅವರ ಬಾಯಿ ನೋಡ್ತಾ ನೋಡ್ತಾ ಉಂಡ್ರಿ, ದೋನ್ಯಾ ಫಿದೇಲಿಯಾ.”

ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಇಪ್ಪತ್ತು ವರ್ಷದ ‘ಕೊಮಾದ್ರೆ’ ಅಲ್ಲಿಗೆ ಮುಗಿಯಿತು. ಮಗಳೇ ಬಂದು ಬಾಗಿಲು ತೆರೆದುಕೊಟ್ಟಳು.

ಆಪರೇಷನ್ ಆಯಿತು, ಕಿರಣವೂ ಆಯಿತು. ಫೌಸ್ತೀನೊ ಆಮೇಲೆ ಐದು ವರ್ಷ ಬದುಕಿದ. ಟ್ರಂಪೆಟ್ ಬಿಟ್ಟು ತಾಳದ ಬಟ್ಟಲು ಹಿಡಿದು ಬ್ಯಾಂಡಿನ ಹಿಂದಿನ ಸಾಲಿನಲ್ಲಿ ನಡೆದ. ಬೀದಿಯಲ್ಲಿ ಫಿದೇಲಿಯಾ ಕಂಡರೆ ಬಟ್ಟಲು ಎತ್ತಿ ಒಂದು ಹೊಡೆತ ಹೊಡೆದು ಸಲಾಮು ಮಾಡುತ್ತಿದ್ದ. ಹೂಸ್ತಾ ಜೊತೆಗಿದ್ದರೆ ಮಾತ್ರ ತಲೆ ತಗ್ಗಿಸಿಕೊಂಡು ಹೋಗುವನು. ಎರಡು ಸಾವಿರದ ಇಸವಿಯಲ್ಲಿ ಅದು ಶ್ವಾಸಕೋಶದಲ್ಲಿ ಚುಕ್ಕೆ ಚುಕ್ಕೆಯಾಗಿ ಕಾಣಿಸಿಕೊಂಡಿತು. ಆಗಸ್ಟಿನಲ್ಲಿ ಹೋದ. ಮಣ್ಣು ಮಾಡುವಾಗ ಫಿದೇಲಿಯಾ ಸ್ಮಶಾನದ ಗೋಡೆಯ ಹತ್ತಿರ, ಯಾರದೋ ಸಮಾಧಿಯ ಹಿಂದೆ ನಿಂತಿದ್ದಳು. ಬ್ಯಾಂಡಿನವರೆಲ್ಲ ಊದಿದರು. ಅವಳು ಮುಂದೆ ಬರಲಿಲ್ಲ.

ಪ್ರಯೋಗಾಲಯದಲ್ಲಿ ಒಂದು ಬದಲಾವಣೆ ಆಯಿತು. ಸ್ಲೈಡಿನ ತಟ್ಟೆಯ ಜೊತೆ ಫಿದೇಲಿಯಾ ಒಂದೊಂದು ಸಲ ಸಣ್ಣ ಚೀಟಿ ಇಡುತ್ತಿದ್ದಳು, ‘ಮೇಲಿನ ಎಡ ಮೂಲೆ’, ‘ಅಂಚು ನೋಡಿ’ ಎಂದು. ಇಡಬೇಕೆಂದು ಹೇಳಿದ್ದು ಉರ್ಕೀದಿಯವರೇ. ಅವರು ಆ ಚೀಟಿಗಳನ್ನು ಒಂದೂ ಬಿಡದೆ ನೋಡುತ್ತಿದ್ದರು. ಬಹುಪಾಲು ಸಲ ಏನೂ ಇರುತ್ತಿರಲಿಲ್ಲ. ಮೂರು ಸಲ ಇತ್ತು. ಆ ಮೂರು ಜನರ ಹೆಸರು ಅವಳಿಗೆ ಬಾಯಿಪಾಠವಾಗಿತ್ತು. ಆದರೂ ಯಾರಾದರೂ ಹೊಗಳಿದರೆ ಅಲ್ಲಿಂದ ಎದ್ದುಹೋಗುವಳು.

ಅವಳು ನಿವೃತ್ತಳಾಗುವ ವರ್ಷ, ಎರಡು ಸಾವಿರದ ನಾಲ್ಕರಲ್ಲಿ, ಒಂದು ಬೆಳಿಗ್ಗೆ ಹೂಸ್ತಾ ನಮ್ಮ ಬಾಗಿಲಿಗೆ ಬಂದಳು. ನಾವು ಗುರುತು ಹಿಡಿಯುವುದು ತಡವಾಯಿತು, ಅಷ್ಟು ಇಳಿದುಹೋಗಿದ್ದಳು. ದವಡೆಯ ಕೆಳಗೆ ಬಾವು ಬಂದು, ಊಟ ಮಾಡುವಾಗ ಪ್ರಾಣ ಹೋಗುವಂತೆ ನೋಯುತ್ತಿತ್ತಂತೆ. ಮರುದಿನ ಆಪರೇಷನ್.

“ತೆಗೆದದ್ದನ್ನ ಲಾ ಪಾಸ್‌ಗೆ ಕಳಿಸ್ತೀವಿ ಅಂದ್ರು. ಬೇಡ ಅಂದೆ” ಎಂದಳು, ಫಿದೇಲಿಯಾಳನ್ನು ನೋಡದೆ, ಯಂತ್ರವನ್ನು ನೋಡುತ್ತ. “ನೀವೇ ಕೊಯ್ಯಿರಿ.”

ಫಿದೇಲಿಯಾ ಆಗಲಿ ಎಂಬಂತೆ ತಲೆಯಾಡಿಸಿದಳು.

ಮೂರು ದಿನ ಅವಳು ಬೇರೆ ಕೆಲಸ ಮುಟ್ಟಲಿಲ್ಲ. ಗ್ರಂಥಿಯ ಒಂದು ಚೂರನ್ನೂ ಉಳಿಸದೆ ಮೇಣದಲ್ಲಿ ಕೂರಿಸಿ ಕೊಯ್ದಳು. ಉರ್ಕೀದಿಯವರು ಆಗ ವಯಸ್ಸಾದವರು, ಒಂದು ಇಡೀ ದಿನ ಕೂತು ಎಲ್ಲವನ್ನೂ ನೋಡಿದರು. ಜೊಲ್ಲು ಹರಿಯುವ ನಾಳದಲ್ಲಿ ಮೆಕ್ಕೆಜೋಳದ ಕಾಳಿನಷ್ಟು ಕಲ್ಲು ಕಟ್ಟಿಕೊಂಡಿತ್ತು. ಅಷ್ಟೇ. ಬೇರೆ ಏನೂ ಇರಲಿಲ್ಲ.

ರಿಪೋರ್ಟು ಒಯ್ಯಲು ಹೂಸ್ತಾ ಬಂದಾಗ ಫಿದೇಲಿಯಾಳೇ ಕಾಗದ ಕೊಟ್ಟಳು.

“ಪೂರ್ತಿ ನೋಡಿದ್ರಾ?”

“ಪೂರ್ತಿ.”

“ಸರಿ, ದೋನ್ಯಾ ಫಿದೇಲಿಯಾ.” ಕಾಗದವನ್ನು ನಾಲ್ಕಾಗಿ ಮಡಿಸಿ ಎದೆಯೊಳಗೆ ಸಿಕ್ಕಿಸಿಕೊಂಡು ಹೊರಟಳು. ಅಲ್ಲಿಂದ ಅವರ ನಡುವೆ ಮಾತು ಶುರುವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆಗಲಿಲ್ಲ.

ನಾನು ಹೂಸ್ತಾಳ ಹಿಂದೆಯೇ ಎದ್ದು ಗೇಟಿನ ತನಕ ಹೋದೆ. ಆ ಶುಕ್ರವಾರ ಫಿದೇಲಿಯಾಗೆ ನಾನು ‘ಸುಮ್ನಿರೇ’ ಅಂದದ್ದನ್ನು ಹೂಸ್ತಾಗೆ ಹೇಳಿಬಿಡಬೇಕೆಂದು ಮೂರು ದಿನದಿಂದ ನಿಶ್ಚಯ ಮಾಡಿಕೊಂಡಿದ್ದೆ. “ಹೂಸ್ತಾ, ಸ್ವಲ್ಪ ನಿಲ್ಲಿ” ಎಂದೂ ಅಂದೆ. ಅವಳು ನಿಂತು ನನ್ನ ಮುಖ ನೋಡಿದಳು. ನಾನು, “ಗಾಯ ಒದ್ದೆ ಮಾಡ್ಬೇಡಿ, ಚಳಿ ಇದೆ” ಎಂದೆ. ಬಸ್ಸು ಬಂತು. ಅವಳು ಹತ್ತಿದಳು.